ನಿವ್ವಳ

ಬೆಟ್ಟ ತೂಗುವುದು ನನ್ನ ಕೆಲಸ.
ಪುಣೆ ದಾಟಿ, ವಾಘೋಲಿ ದಾಟಿ,
ಡಾಂಬರು ಬಿಟ್ಟು ಒಳಗೆ ತಿರುಗಿದರೆ
ಧೂಳು ಹೊದ್ದ ಬೇವಿನ ಪಕ್ಕ
ತಗಡಿನ ಕೋಣೆ, ಒಂದು ಫ್ಯಾನು, ಕೆಂಪು ಅಂಕಿಗಳ ಡಬ್ಬಿ.
ಖಾಲಿ ಲಾರಿ ಬರುತ್ತದೆ, ಬರೆದುಕೊಳ್ಳುತ್ತೇನೆ.
ತುಂಬಿದ ಲಾರಿ ಹೋಗುತ್ತದೆ, ಬರೆದುಕೊಳ್ಳುತ್ತೇನೆ.
ದೊಡ್ಡದರಲ್ಲಿ ಸಣ್ಣದು ಕಳೆದರೆ
ಉಳಿದದ್ದು ಬೆಟ್ಟ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಿದ್ದ ಅಪ್ಪ
ಇದ್ದಿದ್ದರೆ ತೋರಿಸುತ್ತಿದ್ದೆ:
ಇಲ್ಲಿ ಹತ್ತಿರದ್ದೇ ನುಣ್ಣಗೆ.
ಇಪ್ಪತ್ತು ಎಂಎಂ, ಹತ್ತು ಎಂಎಂ, ಜರಡಿಯಿಂದಿಳಿದ ಪುಡಿ.
ಖರಾಡಿಯ ಹದಿನೆಂಟನೆಯ ಮಹಡಿ ಹತ್ತುವ ಹೊತ್ತಿಗೆ
ಹೆತ್ತ ನೆಲಕ್ಕೂ ಗುರುತು ಸಿಗದಷ್ಟು.

ಮಾರ್ಚಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಬಂದಳು,
ಮೃಣ್ಮಯಿ. ಮಣ್ಣಿನವಳು ಅಂತ ಅರ್ಥ ಅಂದೆ.
ಗೊತ್ತು ಅಂದಳು.
ಸಣ್ಣ ಸುತ್ತಿಗೆ ಹಿಡಿದು ಕ್ವಾರಿಯ ಗೋಡೆಗೆ ಮುಖ ಕೊಟ್ಟು
ಎಷ್ಟೋ ಹೊತ್ತು ನಿಂತಳು,
ದೇವರ ಮುಂದೆ ಬಂದು ಹರಕೆ ಮರೆತವರ ಹಾಗೆ.
ಆಮೇಲೆ ಮರಾಠಿಯಲ್ಲಿ ಹೇಳಿದಳು:
ಇದು ಮೇಲೆದ್ದ ಬೆಟ್ಟ ಅಲ್ಲ, ಕಾಕಾ. ಸುರಿದದ್ದು.
ನೆಲ ಬಿರಿದು ಬೆಂಕಿ ಹೊರಗೆ ಬಂತು,
ಉಕ್ಕಿದ ಹಾಲು ಒಲೆಕಟ್ಟೆಗೆ ಹರಡುವಂತೆ ಹರಡಿತು,
ಆರಿತು. ಮತ್ತೆ ಬಂತು. ಅದರ ಮೇಲೇ ಹರಡಿತು.
ಎಷ್ಟು ಸಲ?
ಬರೆದಿಟ್ಟವರಿಲ್ಲ ಅಂದಳು, ನನ್ನ ರಿಜಿಸ್ಟರ್ ನೋಡುತ್ತ.
ಆಗ ಇಡೀ ನಾಡು ಈ ಮೇಜಿನಷ್ಟು ಸಮ.
ಮಳೆ ಬಂದು ಕೊರೆದು ಕೊರೆದು ಒಯ್ದಿತು.
ಒಯ್ಯಲಾಗದೆ ಬಿಟ್ಟದ್ದಕ್ಕೆ
ಸಿಂಹಗಡ ಅನ್ನುತ್ತೇವೆ, ತೋರಣಾ ಅನ್ನುತ್ತೇವೆ.

ಬುಟ್ಟಿ ಇಳಿಸಿ ನಿಂತಿದ್ದಳು ವಡ್ಡರ ಭರಮವ್ವ.
ಮರಾಠಿ ಅವಳಿಗೆ ನನಗಿಂತ ಚೆನ್ನ, ಆದರೂ
ಇಂಥದ್ದನ್ನು ಕನ್ನಡದಲ್ಲಿ ಕೇಳಿದರೇ ನಂಬಿಕೆ.
ಹೇಳಿದೆ.
‘ಹಂಗಾರ ಇದು ಸಾರಣಿ ಅನ್ನು.
ಹಬ್ಬಕ್ಕೊಮ್ಮೆ ಸಾರಿಸಿದ್ರ ಮ್ಯಾಲ ಸಾರಿಸಿದ್ದು.
ನಮ್ಮವ್ವನ ಮನಿ ಗ್ವಾಡಿ ಬಿದ್ದಾಗ ಎಣಿಸೀನಿ ನಾ,
ಎರಡು ಬೆರಳ ದಪ್ಪದಾಗ ನಲವತ್ತು ಹಬ್ಬ.’
ಹುಡುಗಿ ಬರೆದುಕೊಂಡಳು.

ಗೋಡೆಯ ನಡುವೆ ಒಂದು ಕೆಂಪು ಗೆರೆ, ಮೊಳದಷ್ಟು.
ಹನ್ನೊಂದು ವರ್ಷದಿಂದ ನೋಡಿದ್ದೇನೆ,
ಬೆಟ್ಟದ ಬಾಯಿಂದ ಎಲೆಯಡಿಕೆ ಸೋರಿದ ಹಾಗೆ.
ಅದು ಬಿಡುವು ಅಂದಳು.
ಎರಡು ಬೆಂಕಿಗಳ ನಡುವೆ ಸಾವಿರಾರು ವರ್ಷ
ಸುಮ್ಮನೆ ಮಳೆ ಬಿತ್ತು, ಕಲ್ಲು ಕೊಳೆತು ಮಣ್ಣಾಯಿತು,
ಏನೋ ಚಿಗುರಿತು, ಹೊಂಡದಲ್ಲಿ ಕಪ್ಪೆ ಕೂಗಿರಬಹುದು.
ಆಮೇಲೆ ಮುಂದಿನದು ಬಂತು.
ಇಟ್ಟಿಗೆಯ ಹಾಗೆ ಬೆಂದ ಬಣ್ಣ ಅದು.

ಡ್ರಿಲ್ ಹಿಡಿಯುವ ಹುಸೇನಪ್ಪನಿಗೆ ಒಮ್ಮೆ
ಕಲ್ಲಿನೊಳಗೆ ತೆಂಗಿನಕಾಯಷ್ಟು ಟೊಳ್ಳು ಸಿಕ್ಕಿತ್ತು,
ಒಳಗೆಲ್ಲ ಹಸಿರು ಹರಳು.
ಬೆಟ್ಟ ಉಸಿರು ಕಟ್ಟಿಕೊಂಡಿದ್ದ ಜಾಗ.
ಮುನ್ನೂರಕ್ಕೆ ಕೊಟ್ಟ. ಈಗಲೂ ಹಲುಬುತ್ತಾನೆ,
ದುಡ್ಡಿಗಲ್ಲ, ಇನ್ನೊಮ್ಮೆ ಸರಿಯಾಗಿ ನೋಡಲಿಲ್ಲ ಅಂತ.

ಕೆಂಪನ್ನು ನಾವು ತೂಗುವುದಿಲ್ಲ.
ಕಾಂಕ್ರೀಟಿಗೆ ಆಗದು, ಪಕ್ಕಕ್ಕೆ ಸುರಿಯುತ್ತಾರೆ.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಸಂಜೆ ಭರಮವ್ವ ಒಂದು ಬುಟ್ಟಿ ಒಯ್ದು
ನೀರಲ್ಲಿ ಕಲಸಿ ಶೆಡ್ಡಿನ ಹೊಸ್ತಿಲಿಗೆ ಬಳಿಯುತ್ತಾಳೆ.
ಮೊಮ್ಮಗಳು ಅದರ ಮೇಲೆ ಕ್ರಷರಿನ ಬೂದು ಪುಡಿಯಲ್ಲಿ
ನಾಲ್ಕೆಳೆ ಎಳೆಯುತ್ತಾಳೆ.

ಏಳಕ್ಕೆ ಯಂತ್ರ ನಿಲ್ಲುತ್ತದೆ. ಧೂಳು ನಿಲ್ಲುವುದಿಲ್ಲ,
ಇಳಿಯುತ್ತಲೇ ಇರುತ್ತದೆ
ಬೇವಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ,
ನನ್ನ ರೆಪ್ಪೆಯ ಮೇಲೆ, ಮುಚ್ಚಿದ ಲೆಕ್ಕದ ಮೇಲೆ.
ದಿನಾ ಬಂದವನೇ ಒರೆಸುತ್ತಿದ್ದೆ.
ಈಚೆಗೆ ಮೇಜಿನ ಒಂದು ಮೂಲೆ ಹಾಗೇ ಬಿಟ್ಟಿದ್ದೇನೆ,
ಸ್ಟಾಪ್ಲರ್ ಇಡುವ ಕಡೆ.
ಉಗುರಿನಷ್ಟು ದಪ್ಪ ಆಗಿದೆ.
ನಡುವೆ, ಕ್ವಾರಿಗೆ ಬೀಗ ಬಿದ್ದಿದ್ದ ಒಂಬತ್ತು ದಿನದ್ದು,
ಬೇರೆ ಬಣ್ಣದ ಒಂದು ಗೆರೆ.