ಐದು ಮಣ

ಜುಲೈ ತಿಂಗಳ ಬಲ್ಲರಾಟ್. ಬೆಳಗಿನ ಆರು.
ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ
ಕಬ್ಬಿಣ ಎಷ್ಟು ತಣ್ಣಗೆಂದರೆ
ಮುಟ್ಟಿದ ಕೈ ಮೊದಲು ಸುಟ್ಟಂತಾಗುತ್ತದೆ.

ನಾವು ಏಳು ಜನ. ಎಲ್ಲರಿಗಿಂತ ಚಿಕ್ಕವಳಿಗೆ ನಲವತ್ತೆಂಟು.
ಕಲಿಸುವವಳು ಗ್ಲೆನಿಸ್, ಎಪ್ಪತ್ತೊಂದು,
ಒಂದು ಕಾಲಕ್ಕೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದವಳು,
ಟಗರನ್ನು ಮಗುಚಿ ಮಂಡಿ ನಡುವೆ ಹಿಡಿಯುತ್ತಿದ್ದವಳು.
ನಮ್ಮನ್ನೂ ಹಾಗೇ ನೋಡುತ್ತಾಳೆ:
ಎಲ್ಲಿ ಹಿಡಿದರೆ ಎಲ್ಲಿ ಒದೆಯುತ್ತಾರೆ ಎಂದು.

ನಾನು ಬಂದದ್ದು ಚೆಂದಕ್ಕಲ್ಲ.
ಎಲುಬಿನ ಫೋಟೊ ತೆಗೆದ ಹುಡುಗ
ಪರದೆಯನ್ನು ನನ್ನ ಕಡೆ ತಿರುಗಿಸಿ
ಬೆರಳಿಟ್ಟು ತೋರಿಸಿ ಏನೋ ಒಂದು ದೊಡ್ಡ ಹೆಸರು ಹೇಳಿದ.
ನಾನದನ್ನು ಕನ್ನಡ ಮಾಡಿಕೊಂಡೆ: ಜಾಳು.
ಗಜೇಂದ್ರಗಡದ ಮಗ್ಗದ ಓಣಿಯವಳು ನಾನು,
ಜಾಳು ನೇಯ್ಗೆ ಎಷ್ಟು ಒಗೆತಕ್ಕೆ ಬಾಳುತ್ತದೆಂದು
ಯಾರೂ ಹೇಳಬೇಕಿಲ್ಲ.

ಆ ಓಣಿಯ ಹನುಮಪ್ಪನ ಗುಡಿ ಮುಂದೆ
ಸಂಗ್ರಾಣಿ ಕಲ್ಲಿತ್ತು.
ವರ್ಷಕ್ಕೊಮ್ಮೆ ಗಂಡಸರು ಎತ್ತುವರು, ಹೆಗಲ ಮೇಲಿಂದ ಹಿಂದಕ್ಕೆ ಎಸೆವರು,
ಬೆಳ್ಳಿ ಕಡಗ, ಹಲಗೆಯ ಸದ್ದು, ಮುಂದಿನ ವರ್ಷದ ತನಕ ಹೆಸರು.
ಒಂದು ಮಧ್ಯಾಹ್ನ ಯಾರೂ ಇಲ್ಲವೆಂದುಕೊಂಡು
ಹತ್ತು ವರ್ಷದ ನಾನು ಎರಡೂ ಕೈ ಹಚ್ಚಿದೆ.
ಕಟ್ಟೆಯ ಮೇಲೆ ಎಲೆ ಹಾಕುತ್ತಿದ್ದ ಮುದುಕ ಕೂಗಿದ:
"ಏ ಹುಡಿಗಿ, ಮುಂದ ಹಡಿಯೂದು ಬ್ಯಾಡೇನ?"

ಹಡೆದೆ, ಎರಡು.
ಅವನು ಹೇಳಿದ 'ಮುಂದ' ಮುಗಿದೇ ಹೋಯಿತು,
ಕಲ್ಲು ಬಾಕಿ ಉಳಿಯಿತು.

ಹಾಗಂತ ನಮ್ಮಲ್ಲಿ ಹೆಂಗಸರು ಎತ್ತಲಿಲ್ಲವೆಂದಲ್ಲ.
ಕೊಡದ ಮೇಲೆ ಕೊಡ, ಬಗಲಲ್ಲಿ ನಾನು,
ಮೆಟ್ಟಿಲು ಬಾವಿಯಿಂದ ಅವ್ವ ಏರಿ ಬರುವಾಗ
ಯಾರೂ ಹಲಗೆ ಬಾರಿಸಲಿಲ್ಲ.
ಅದಕ್ಕೆ ಶಕ್ತಿ ಅನ್ನುತ್ತಿರಲಿಲ್ಲ,
ನೀರು ತರೂದು ಅನ್ನುತ್ತಿದ್ದರು.
ಅದೇ ಅವ್ವ ನಲ್ಲಿ ಬಂದ ಮೇಲೆ ಕೂತಳು,
ಕೂತಲ್ಲೇ ಸಣ್ಣಗಾದಳು,
ಅರವತ್ತೊಂಬತ್ತಕ್ಕೆ ಬಚ್ಚಲಲ್ಲಿ ಜಾರಿದಳು.
ಹನ್ನೊಂದು ತಿಂಗಳು ಮಂಚ.
"ಎಬ್ಬಸ ನನ್ನ" ಅನ್ನುತ್ತಿದ್ದಳು, ಇಬ್ಬರು ಬೇಕಾಗುತ್ತಿತ್ತು.

ಇಲ್ಲಿ ಮೊದಲ ತಿಂಗಳು ಪೊರಕೆಯ ಕೋಲು ಮಾತ್ರ.
ಸಮುದ್ರ ದಾಟಿ ಬಂದು ಮತ್ತೆ ಪೊರಕೆಯೇ ಎಂದು ನಕ್ಕೆ.
ಗ್ಲೆನಿಸ್ ನಗಲಿಲ್ಲ. ಬೆನ್ನ ಮೇಲೆ ಅಂಗೈ ಇಟ್ಟು ಹೇಳಿದಳು,
ಎತ್ತುವ ಯೋಚನೆ ಬಿಡು,
ಕಾಲಿಂದ ನೆಲವನ್ನು ಕೆಳಕ್ಕೆ ದೂಡು.
ಮೂರು ವಾರ ಅದು ಬರೀ ಮಾತಾಗಿತ್ತು.
ಆಮೇಲೊಂದು ದಿನ, ಸೋಮವಾರ, ನೆಲ ನಿಜಕ್ಕೂ ಸರಿಯಿತು.

ಬ್ರೆಡ್ ಅಂಗಡಿಯ ಥುಯ್ ತಟ್ಟೆಗಳನ್ನು ಪೋಣಿಸುತ್ತಾಳೆ,
ಹಿಟ್ಟಿನ ವಾಸನೆ ಅವಳ ತೋಳಿಗೆ ಇನ್ನೂ ಅಂಟಿದೆ.
ಟಪಾಲು ಹಂಚಿ ನಿವೃತ್ತಳಾದ ಲೊರೇನ್ ಗಟ್ಟಿಯಾಗಿ ಓದುತ್ತಾಳೆ:
ಅರವತ್ತು ಕಿಲೊ.
ಅಡತಿ ಅಂಗಡಿ ಗುಮಾಸ್ತ ಅಪ್ಪನ ಲೆಕ್ಕದಲ್ಲಿ ಐದು ಮಣ.
ನನಗೂ ಈ ಶನಿವಾರಕ್ಕೆ ಅರವತ್ತು.
ಕಬ್ಬಿಣ, ನಾನು, ಇಬ್ಬರೂ ಒಂದೇ ಅಂಕಿ.

ಬಗ್ಗಿದೆ. ಹಿಡಿದೆ. ದೂಡಿದೆ.
ಮೊಣಕಾಲ ದಾಟಿದಾಗ ಬಾಯಿಂದ ತಾನಾಗಿ ಬಂತು
"ಸುವ್ವೀ",
ಒನಕೆ ಇಳಿವಾಗ ಅಜ್ಜಿ ಬಿಡುತ್ತಿದ್ದ ಉಸಿರು,
ಐವತ್ತು ವರ್ಷ ಎಲ್ಲಿತ್ತೋ.
ಸೊಂಟ ನೇರವಾಯಿತು. ನಿಂತೆ. ತಗಡಿನ ಮೇಲೆ ಮಂಜು ಚಟಪಟ ಅಂದಿತು.
ಏನದು ಅಂದಳು ಥುಯ್.
ಕುಟ್ಟುವವರ ಉಸಿರು ಅಂದೆ.
ಮುಂದಿನ ಸರದಿ ಲೊರೇನಳದು,
"ಸೂವೀ!" ಎಂದು ನಾಯಿ ಕರೆದಂತೆ ಕೂಗಿ
ನನಗಿಂತ ಐದು ಕಿಲೊ ಹೆಚ್ಚು ಎತ್ತಿದಳು, ಹಡಬೆ.

ರಾತ್ರಿ ತಮ್ಮ ವೀರಭದ್ರನಿಗೆ ಫೋನು ಮಾಡಿದೆ.
ಆ ಕಲ್ಲು ಎಷ್ಟು ತೂಕವೋ?
ಯಾರು ತೂಗ್ಯಾರ, ಅಂದ. ಓಣಿಗೆ ಕಾಂಕ್ರೀಟ್ ಹಾಕಿದರು,
ಅರ್ಧ ಹುಗಿದೈತಿ,
ಅದಕ್ಕೀಗ ಹುಡುಗರು ಸೈಕಲ್ ಆನಿಸುತ್ತಾರೆ.
ಮೇಲಿರುವ ಅರ್ಧ ಎಷ್ಟಾದೀತು ಅಂದೆ.
ಅವನು ನಕ್ಕ.
ನಾನು ಉತ್ತರಕ್ಕೆ ಕಾಯುತ್ತಿದ್ದೆ.