ಮಾತು ಕೊಡುವವಳು

ನನಗೆ ನಲವತ್ತಮೂರು. ನನ್ನ ಮಾರ್ಗದರ್ಶಿಗೆ ಮೂವತ್ತಾರು.
ಅವರು ‘ಖಾತುನಾ ಅವರೇ’ ಎನ್ನುತ್ತಾರೆ, ನಾನು ‘ಪ್ರೊಫೆಸರ್’ ಎನ್ನುತ್ತೇನೆ,
ಇಬ್ಬರಿಗೂ ಕೊಂಚ ಮುಜುಗರ.
ಕುತಾಯಿಸಿಯಿಂದ ತ್ಬಿಲಿಸಿಗೆ ವ್ಯಾನಿನಲ್ಲಿ ನಾಲ್ಕು ತಾಸು.
ರಿಕೋತಿ ಸುರಂಗ ಬಂತೆಂದರೆ
ಓದುತ್ತಿದ್ದ ಸಾಲು ಅರ್ಧಕ್ಕೇ ಕತ್ತಲಾಗುತ್ತದೆ,
ಮುಂದಿನ ಪದ ನಾನೇ ಊಹಿಸಿಕೊಳ್ಳಬೇಕು.
ಬೆಳಕಿಗೆ ಬಂದು ನೋಡಿದರೆ, ಹೆಚ್ಚಿನ ಸಲ, ತಪ್ಪು.

ಮೊದಲ ದಿನವೇ ಕೇಳಿದರು, ವಿಷಯ ಏನು?
ಪ್ರಾಂಪ್ಟರ್, ಅಂದೆ.
ಯಾವ ನಾಟಕದ?
ಎಲ್ಲ ನಾಟಕದ. ರಂಗದ ಮುಂಚಾಚಿನ ಮರದ ಗೂಡಿನಲ್ಲಿ
ಸೊಂಟ ಮಡಚಿ ಕೂತು,
ಬೂಟು, ಹಿಮ್ಮಡಿ, ಲಂಗದ ಅಂಚು ಇಷ್ಟನ್ನೇ ಕಂಡು
ಮೂವತ್ತೊಂಬತ್ತು ವರ್ಷ ಪಿಸುಗುಟ್ಟಿದ ಮಕ್ವಾಲಾ.
ಮಾತು ಕೊಡುತ್ತಿದ್ದವಳು ಅವಳು,
ಉಳಿಸಿಕೊಳ್ಳುತ್ತಿದ್ದವರು ಅವರು.
ಆಕರ?
ಪಿಸುಮಾತು.
ಧ್ವನಿಮುದ್ರಣ ಇದೆಯೇ?
ಅದರಲ್ಲಿ ಅವಳ ದನಿ ಕೇಳಿಸಿದ್ದರೆ, ಪ್ರೊಫೆಸರ್,
ಅವಳಿಗೆ ಕೆಲಸ ಗೊತ್ತಿರಲಿಲ್ಲ ಎಂದರ್ಥ.

ಅವಳ ಮನೆ ನಾಲ್ಕನೇ ಮಹಡಿ. ಲಿಫ್ಟಿಗೆ ನಾಣ್ಯ ಹಾಕಬೇಕು.
ಎಂಬತ್ತೊಂದರ ಕೈಯಿಂದ ನಡುಗುತ್ತ ಬಂತು
ಎಳೆ ಅಕ್ರೋಟಿನ ಕಪ್ಪು ಮುರಬ್ಬ.
‘ಆ ಯಂತ್ರ ಆರಿಸು, ಆಮೇಲೆ ಹೇಳ್ತೀನಿ.’
ಆರಿಸಿದೆ.

ಕರೆಂಟಿಲ್ಲದ ಚಳಿಗಾಲ ಅದು.
ಪ್ರೇಕ್ಷಕರು ಕೋಟಿನೊಳಗೆ ಸೌದೆ ತುಂಡು ತರುತ್ತಿದ್ದರಂತೆ, ಒಲೆಗೆ.
ರಂಗಕ್ಕೆ ಎರಡು ಸೀಮೆಎಣ್ಣೆ ದೀಪ, ಗೂಡಿಗೆ ಒಂದೂ ಇಲ್ಲ.
ಪುಸ್ತಕ ಮುಚ್ಚಿ ಅದರಡಿ ಕೈ ಬೆಚ್ಚಗಿಟ್ಟುಕೊಂಡು
ಬಾಯಿಪಾಠದಲ್ಲೇ ದಾಟಿಸುತ್ತಿದ್ದಳು ಐದಂಕ.
ಹಸಿದ ಹೊಟ್ಟೆಯಲ್ಲಿ ಮಾತು ನಿಲ್ಲದು:
ರಾಜನಿಗೆ ರಾಜ್ಯದ ಹೆಸರೇ ಮರೆಯುತ್ತಿತ್ತು,
ದೂತ ಬಂದು, ಬಂದದ್ದೇಕೆಂದು ತಿಳಿಯದೆ, ನಿಂತಿರುತ್ತಿದ್ದ.

‘ಒಂದು ರಾತ್ರಿ ಜುಂಬೆರ್ ಸಾಲಿನ ನಡುವೆ ನಿಂತ.
ಅವನ ತಮ್ಮನ ದೇಹ ಸುಖುಮಿಯಿಂದ ಬಂದು ಆರು ದಿನ.
ಮುಂದಿನ ಪದ ನನ್ನ ನಾಲಿಗೆಯಲ್ಲೇ ಇತ್ತು.
ತಮ್ಮಾ, ಅಂತ.
ಕೊಡಲಿಲ್ಲ.
ಎಣಿಸಿದೆ. ಹತ್ತೊಂಬತ್ತಕ್ಕೆ ಅವನು ಆ ಪದ ಬಿಟ್ಟು ಮುಂದೆ ಹೋದ.
ಮರೆತವನಿಗೆ ಕೊಡಬೇಕು ಮಗಳೇ,
ನಿಲ್ಲಿಸಿದವನಿಗೆ ಕೊಡಬಾರದು.
ಇಷ್ಟೇ ನನ್ನ ವಿದ್ಯೆ.’

ಎರಡರ ವ್ಯತ್ಯಾಸ ಹೇಗೆ ತಿಳಿಯುತ್ತೆ?

‘ಕಾಲು ನೋಡು. ಮರೆತವನ ಹೆಬ್ಬೆರಳು
ಬೂಟಿನೊಳಗೇ ನೆಲ ಕೆರೆಯುತ್ತೆ. ಚರ್ಮ ಉಬ್ಬುತ್ತೆ.’

ಬರೆದೆ, ಪುಟ ಇನ್ನೂರ ಹನ್ನೆರಡರಲ್ಲಿ.
ಪಕ್ಕದಲ್ಲಿ ಪ್ರೊಫೆಸರರ ಕೆಂಪು ಶಾಯಿ: ಉಲ್ಲೇಖ ಬೇಕು.

ಆರು ವರ್ಷ. ಬೆಳಗ್ಗೆ ಶಾಲೆಯಲ್ಲಿ ಭೂಗೋಳ,
ರಾತ್ರಿ ಹಳೆಯ ಪ್ರತಿಗಳ ಮೇಲಿನ ಪೆನ್ಸಿಲ್ ಗೀಟು,
ಉಸಿರಿಗೊಂದು, ಕೆಮ್ಮಿಗೊಂದು, ಕುಡಿದು ಬಂದ ನಟನಿಗೊಂದು,
ಮತ್ತು ಯಾವ ಅಧ್ಯಾಯಕ್ಕೂ ಒಗ್ಗದ
ಒಂದು ಸಣ್ಣ ಸೊನ್ನೆ.
ಕೇಳಿದರೆ ಮಕ್ವಾಲಾ ನಕ್ಕಳು: ‘ಅಲ್ಲಿ ನನಗೆ ನಿದ್ದೆ ಬಂದಿತ್ತು.’

ಮೌಖಿಕ ಪರೀಕ್ಷೆಗೆ ಅವಳೂ ಬಂದಳು,
ಅಣ್ಣನ ಮಗನ ತರಕಾರಿ ವ್ಯಾನಿನಲ್ಲಿ, ಕೊತ್ತಂಬರಿ ವಾಸನೆ ಹೊತ್ತು.
ಮಂಡಿನೋವೆಂದು ಮೊದಲ ಸಾಲಿನಲ್ಲೇ ಕೂತಳು.
ಮೇಜಿನಾಚೆ ಐದು ಜನ, ಒಂದು ನೀರಿನ ಹೂಜಿ.
ಅಧ್ಯಕ್ಷೆ ಕೇಳಿದರು:
ಹಾಗಾದರೆ, ಈ ಕ್ಷೇತ್ರಕ್ಕೆ ನಿಮ್ಮ ಕೊಡುಗೆ ಏನು?

ಉತ್ತರ ಬಾಯಿಪಾಠ ಮಾಡಿದ್ದೆ.
ಕನ್ನಡಿಗೆ ಹೇಳಿದ್ದೆ, ಒಂಬತ್ತನೇ ತರಗತಿಗೂ ಹೇಳಿದ್ದೆ.
ಬಾಯಿ ತೆರೆದೆ.
ಇಲ್ಲ.
ಮರೆತೆನೋ, ನಿಲ್ಲಿಸಿದೆನೋ, ನನಗೇ ತಿಳಿಯದು.
ಅವಳತ್ತ ನೋಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ.
ರಿಯಾಯಿತಿಯಲ್ಲಿ ಕೊಂಡ ಹೊಸ ಬೂಟು, ಒಂದಳತೆ ದೊಡ್ಡದು,
ತುದಿಗೆ ತುರುಕಿದ್ದು
ಕೈಬಿಟ್ಟ ಮೂರನೇ ಅಧ್ಯಾಯದ ಹಾಳೆ.
ಅದರೊಳಗಿನ ಹೆಬ್ಬೆರಳು ಅವಳಿಗೆ ಕಾಣುವುದಾದರೂ ಹೇಗೆ?

ಅವಳ ತುಟಿ ಮುಚ್ಚಿಯೇ ಇತ್ತು.

ಎಣಿಸತೊಡಗಿದೆ.
ಹದಿನಾಲ್ಕಕ್ಕೆ ಯಾರೋ ನೀರಿನ ಲೋಟ ಮುಂದಕ್ಕೆ ತಳ್ಳಿದರು.
ಹದಿನೈದು.