ಡೋಣಿಯ ಮಡ್ಡಿಯಲ್ಲಿ ನಲವತ್ತು ಶೀಶೆ

ಧಾರವಾಡದಿಂದ ತಂದದ್ದು ಇಷ್ಟು:
ಮುಚ್ಚಳದ ಶೀಶೆ ನಲವತ್ತು, ಐಸು ತುಂಬಿದ ಡಬ್ಬಿ,
ಒಂದು ಚಿಮಟ, ಅಂಗೈಯಗಲದ ಸ್ಪೀಕರು,
ಮತ್ತು ಅದರೊಳಗೆ ಒಂದು ತೋಳ.

ಲಗಮಣ್ಣ ಮಾಮ ನಕ್ಕ:
"ಎಂ.ಎಸ್ಸಿ. ಕಲ್ತು ಹಿಕ್ಕಿ ಆರಿಸಾಕ ಬಂದಿಯೇನಬೇ?"
ಹೌದು ಮಾಮ. ಹಿಕ್ಕಿಯೊಳಗ ಅಂಜಿಕಿ ಇಳಿದಿರತೈತಿ,
ನಿನ್ನೆ ರಾತ್ರಿ ಅಂಜಿದ್ದು ಇವತ್ತು ಹೊತ್ತೇರುವಾಗ.
"ಅದಕ್ಕ ಶೀಶೆ ಯಾಕ?"
ಒಂದು ಹಿಕ್ಕಿ ಬೆರಳಲ್ಲಿ ಹಿಚುಕಿ, ಮೂಸಿ, ಒಗೆದ.
"ಬಿಳಿಕಿವಿದು. ಗಬ್ಬ ಐತಿ. ಮೈ ಸುದ್ದ ಇಲ್ಲ."

ಕಡಲೆ ಕಿತ್ತ ಹೊಲದ ಬದುವಿನ ಮೇಲೆ ಕೂತು
ರೊಟ್ಟಿ ಮುರಿಯುತ್ತ ಅವನಿಗೆ ಹೇಳಿದೆ:
ತಲೆಯೊಳಗೆ, ಎರಡೂ ಕಿವಿಯ ಒಳಮಗ್ಗುಲಿಗೆ
ಬಾದಾಮಿ ಬೀಜದಷ್ಟು ಒಂದೊಂದು ಗಂಟು.
ಇದು ತೋಳವೋ ಜಾಲಿಕಂಟಿಯೋ ಎಂದು
ಕಣ್ಣು ಗುರುತು ಹಿಡಿಯುವ ಮೊದಲೇ
ಆ ಗಂಟು ಕೂಗಿಬಿಡುತ್ತದೆ.
ಕೂಗು ಬೆನ್ನಹುರಿ ಹಿಡಿದು ಇಳಿದು
ಮೂತ್ರಪಿಂಡದ ನೆತ್ತಿಯ ಮೇಲಿನ ಪುಟ್ಟ ಗ್ರಂಥಿಯ ಕದ ತಟ್ಟುತ್ತದೆ.
ಮೊದಲು ಹೊರಡುವುದು ಅಡ್ರಿನಲಿನ್,
ಬೆಂಕಿ ಬಿದ್ದ ಮನೆಯಿಂದ ಓಡಿಬರುವವರ ಹಾಗೆ.
ಹಿಂದಿನಿಂದ, ರಕ್ತದ ದಾರಿಯಲ್ಲಿ ಬಂದ ಓಲೆ ಓದಿಕೊಂಡು,
ಶ್ಯಾನುಭೋಗನ ಹಾಗೆ ನಿಧಾನ, ಕಾರ್ಟಿಸಾಲ್:
ಹೊಟ್ಟೆಯ ಕೆಲಸ ನಿಲ್ಲಲಿ, ಕೆಚ್ಚಲಿನ ಕೆಲಸ ನಿಲ್ಲಲಿ,
ಬಸಿರು ಆಮೇಲೆ ನೋಡೋಣ,
ಯಕೃತ್ತಿನ ಹಗೇವು ತೆಗೆಯಿರಿ,
ಇದ್ದಷ್ಟು ಸಕ್ಕರೆ ಕಾಲಿಗೆ ಸುರಿಯಿರಿ.

ಮಾಮ ಅಗಿಯುವುದು ನಿಲ್ಲಿಸಿದ.
"ಸಕ್ಕರಿ?"
ಹೂಂ.
"ಮುಂಡರಗಿ ಡಾಕ್ಟರ ನನಗ ಅದ ಐತಿ ಅಂದಾನ.
ಬೆಲ್ಲದ ಚಾ ಸೈತ ಬಿಟ್ಟೇನಿ. ಎಲ್ಲಿಂದ ಬರತೈತಿ ಅಂತಿದ್ದೆ."

ನಾನು ನೀರು ಕುಡಿದೆ.

ಹನ್ನೊಂದು ವರ್ಷಕ್ಕೆ ಮೊದಲ ಸಲ ಕಾವಲು ಕೂತವನು.
ಆ ರಾತ್ರಿ ತೋಳ ಮೂರು ಮರಿ ಒಯ್ದ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.
ತೋಳ ಬಾರದ ರಾತ್ರಿಗಳನ್ನು ಯಾರೂ ಕತೆ ಮಾಡುವುದಿಲ್ಲ.
ಅವೇ ಹೆಚ್ಚು. ಐವತ್ತು ವರ್ಷ,
ಓಡದ ಕಾಲಿಗೆ ಸಕ್ಕರೆ ಸುರಿಯುತ್ತ.

ರಾತ್ರಿ. ಕಪ್ಪತಗುಡ್ಡದ ಸಾಲಿನುದ್ದಕ್ಕೂ
ಗಾಳಿಯಂತ್ರಗಳ ಕೆಂಪು ದೀಪ ಹತ್ತಿ, ಆರಿ, ಹತ್ತಿ.
ಕುರಿಗಳಿಗೆ ಅದು ರೂಢಿಯಾಗಿದೆ.
ಮೇಡಂ ಹೇಳಿದ್ದರು: ಯಾರಿಗೂ ತಿಳಿಸಬೇಡ, ಒಂದು ನಿಮಿಷ ಸಾಕು.
ಬದುವಿನಾಚೆ ಲಕ್ಕಿಗಿಡದ ಬುಡದಲ್ಲಿ ಸ್ಪೀಕರು ಇಟ್ಟು ಬಂದಿದ್ದೆ.
ಗುಂಡಿ ಒತ್ತಿದೆ.

ಬಲೆಯೊಳಗೆ ನಲವತ್ತು ಕುರಿ ಒಂದೇ ಕುರಿಯಾದವು.
ಮರಿಗಳು ನಡುವೆ, ಟಗರು ಹೊರಗೆ,
ಒಂದು ಕಿವಿಯೂ ಅಲ್ಲಾಡಲಿಲ್ಲ.
ನಾಯಿ ಬೊಗಳಲಿಲ್ಲ, ಮುಲುಗಿತು.
ನನಗೂ, ಆ ದನಿ ಎಷ್ಟು ಸೆಕೆಂಡಿನದೆಂದು ಗೊತ್ತಿದ್ದ ನನಗೂ,
ನಾಲಿಗೆ ಒಣಗಿತು, ಅಂಗೈ ಬೆವೆತಿತು,
ನಕ್ಷತ್ರವೆಲ್ಲ ಒಮ್ಮೆ ಹತ್ತಿರ ಬಂದವು.
ಬಾದಾಮಿ ಬೀಜಕ್ಕೆ ಡಿಗ್ರಿ ಇಲ್ಲ.

ಮಾಮ ಆಗಲೇ ಎದ್ದಿದ್ದ. ಯಾವಾಗ ಎದ್ದನೋ ಕಾಣಲಿಲ್ಲ.
ಕಂಬಳಿ ಬಿದ್ದಲ್ಲೇ ಬಿದ್ದಿತ್ತು. ಕೈಯಲ್ಲಿ ಕೊಡಲಿ,
ಬಾಯಲ್ಲಿ ಹುಡುಗನೊಬ್ಬನ ಕೂಗು, ಹೋ ಹೋ ಹ್ಯಾ,
ಅರವತ್ತೊಂದರ ಮೊಣಕಾಲು ನೆಟ್ಟಗೆ.

ಅರ್ಧ ತಾಸು. ಬಿಳಿಕಿವಿ ಎಲ್ಲಕ್ಕಿಂತ ಕೊನೆಗೆ ಮಲಗಿತು.
ಕತ್ತಲಲ್ಲಿ ಒಂದೊಂದಾಗಿ ಮೆಲುಕಿನ ಸಪ್ಪಳ.
ಅವಕ್ಕೆ ಮುಗಿಯಿತು. ಉಳಿದದ್ದು ನಾಳೆ ಉದುರುತ್ತದೆ,
ನಾನು ಆರಿಸಿ ಅಂಕಿ ಮಾಡುತ್ತೇನೆ.

ಮಾಮ ಮಾತ್ರ ಕೂರಲಿಲ್ಲ.
ಗಾಳಿ ಯಾವ ಕಡೆಯದೆಂದು ಮೂಗೆತ್ತಿ ನೋಡಿದ,
ವಾಸನೆ ಸಿಗದೆ ಇನ್ನಷ್ಟು ಅಂಜಿದ.
"ನಿನ್ನ ಕಿವಿ ಎಳೇವು. ಯಾವ ಕಡಿಂದ ಬಂತವ್ವಾ, ದನಿ?"

ಡಬ್ಬಿಯಲ್ಲಿ ಶೀಶೆಗಳು ಖಾಲಿ, ತಣ್ಣಗೆ.
ಹೇಳಬಹುದಿತ್ತು.
ನಾನು ಗುಡ್ಡದ ಕಡೆ ಕೈ ಮಾಡಿದೆ.

ಬೆಳಗಾಗುವತನಕ
ಅವನು ಆ ಕಡೆಗೇ ಮುಖ ಮಾಡಿ ನಿಂತಿದ್ದ.